ಕುಲದ ನಾಯಿಗೆ ಕುಲದ ಲೆಕ್ಕವೂ ಬೇಕು

ಜತ್ತ, ಅಕ್ಕಲಕೋಟ, ಸೊಲ್ಲಾಪುರ ಸೀಮೆಯ ನಮ್ಮ ರೈತ ಹಾಗೂ ಕುರುಬ ಬಾಂಧವರಿಗೆ ಬೇಟೆನಾಯಿಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಉದ್ದ ಮುಖ, ಸಣ್ಣ ನಡು, ಗಾಳಿಯಂತಹ ಓಟವುಳ್ಳ ಈ ನಾಯಿಯನ್ನು ಗಡಿಯ ಈಚೆಗೆ ಕಾರವಾನಿ ಎನ್ನುವರು, ಆಚೆಗೆ ಮುಧೋಳ ನಾಯಿ ಎನ್ನುವರು. ಮುಧೋಳ ಸಂಸ್ಥಾನದ ಅರಸರಾದ ಮಾಲೋಜಿರಾವ್ ಘೋರ್ಪಡೆಯವರ ಪೋಷಣೆಯಿಂದ ಈ ತಳಿಗೆ ಹೆಸರು ಬಂದಿತು. 2005ರಲ್ಲಿ ಭಾರತದ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನು ಹೊರಡಿಸಿತು. 2016ರಲ್ಲಿ ಇದರ ಮರಿಗಳು ತರಬೇತಿಗೆಂದು ಮೀರತ್ತಿನ ಸೇನಾ ಕೇಂದ್ರಕ್ಕೆ ಹೋದವು. ಹೆಸರಿನ ಹಿಂದೆಯೇ ಬೆಲೆಯೂ ಬಂದಿತು. ಬಡವನ ಅಂಗಳದ ಮರಿಗೆ ನಾಲ್ಕು ಕಾಸು ಸಿಕ್ಕರೆ ಸಂತೋಷವೇ. ಆದರೆ ಬೆಲೆಯ ಆಸೆ ತಳಿಯನ್ನೇ ಕೆಡಿಸಬಾರದೆಂಬುದು ನಮ್ಮ ಕಳಕಳಿ.

ಕೆಡುವುದು ಹೇಗೆ? ಒಂದು ಊರಿನಲ್ಲಿ ಒಂದು ಗಂಡುನಾಯಿ ಓಟದಲ್ಲಿ ಹೆಸರು ಮಾಡಿತೆನ್ನೋಣ. ಸುತ್ತಲಿನ ಹೆಣ್ಣುಗಳನ್ನೆಲ್ಲ ಅದಕ್ಕೇ ಕೂಡಿಸುತ್ತಾರೆ. ಎರಡು ಮೂರು ವರ್ಷಗಳಲ್ಲಿ ಆ ಭಾಗದ ಮರಿಗಳೆಲ್ಲ ಒಂದೇ ತಂದೆಯ ಮಕ್ಕಳಾಗುತ್ತವೆ. ಆಮೇಲೆ ಅಣ್ಣನಿಗೆ ತಂಗಿಯನ್ನು, ತಂದೆಗೆ ಮಗಳನ್ನು ಕೂಡಿಸಿ, ‘ರಕ್ತ ಶುದ್ಧವಾಗಿದೆ’ ಎಂದು ಹೇಳಿ ಮಾರುತ್ತಾರೆ.

ಇಲ್ಲಿ ವಂಶಶಾಸ್ತ್ರದ ಮಾತನ್ನು ಕೇಳಬೇಕು. ಪ್ರತಿಯೊಂದು ಗುಣಕ್ಕೂ ಮರಿಯು ತಾಯಿಯಿಂದ ಒಂದು, ತಂದೆಯಿಂದ ಒಂದು ಜೀನನ್ನು ಪಡೆಯುತ್ತದೆ. ಅನೇಕ ರೋಗಗಳಲ್ಲಿ ಒಂದು ಕೆಟ್ಟ ಜೀನು ಇದ್ದರೂ ಇನ್ನೊಂದು ಒಳ್ಳೆಯದಿದ್ದರೆ ರೋಗ ಹೊರಗೆ ಕಾಣದು, ಅಡಗಿ ಕುಳಿತಿರುತ್ತದೆ. ಅಂತಹ ಎರಡು ನಾಯಿಗಳು ಕೂಡಿದಾಗ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ರೋಗ ತಗಲುತ್ತದೆ, ಎರಡು ಮರಿಗಳು ದೋಷವನ್ನು ಮುಚ್ಚಿಟ್ಟು ಒಯ್ಯುತ್ತವೆ. ಒಡಹುಟ್ಟಿದವು ಕೂಡಿದರೆ, ಒಂದೇ ಪೂರ್ವಜನ ಒಂದೇ ಜೀನು ಎರಡೂ ಕಡೆಯಿಂದ ಮರಿಗೆ ಬರುವ ಸಂಭವ ನೂರಕ್ಕೆ 25. ಅದೇ ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳಂತಹ ಸಂಬಂಧವಾದರೆ ನೂರಕ್ಕೆ 6.25 ಮಾತ್ರ. ಹತ್ತಿರದ ಕೂಡಿಕೆಯಿಂದ ರೂಪ ಒಂದೇ ತೆರನಾಗಿ ನಿಲ್ಲುವುದು ನಿಜ. ಆದರೆ ರೂಪದ ಜೊತೆಗೆ ರೋಗವೂ ನಿಲ್ಲುತ್ತದೆ!

ಪರದೇಶದವರು ಈ ಪಾಠವನ್ನು ಬೆಲೆ ತೆತ್ತು ಕಲಿತರು. ಚುಕ್ಕೆಯ ಡಾಲ್ಮೇಶಿಯನ್ ನಾಯಿಯನ್ನು ನೋಡಿ. ಶುದ್ಧ ತಳಿಯ ಪ್ರತಿಯೊಂದು ನಾಯಿಯಲ್ಲಿಯೂ ಯೂರಿಕ್ ಆಮ್ಲದ ದೋಷ ಬೇರೂರಿತ್ತು, ಹಲವಕ್ಕೆ ಮೂತ್ರದಲ್ಲಿ ಕಲ್ಲು ಕಟ್ಟುತ್ತಿತ್ತು. ತಳಿಯೊಳಗೆ ಒಳ್ಳೆಯ ಜೀನೇ ಉಳಿದಿರಲಿಲ್ಲ. 1973ರಲ್ಲಿ ಅಮೇರಿಕದ ವಂಶಶಾಸ್ತ್ರಜ್ಞ ರಾಬರ್ಟ್ ಶೈಬಲ್ ಅವರು ಒಮ್ಮೆ ಮಾತ್ರ ಪಾಯಿಂಟರ್ ಜಾತಿಯ ನಾಯಿಯೊಡನೆ ಕೂಡಿಸಿ, ಮುಂದಿನ ತಲೆಮಾರುಗಳನ್ನು ಮತ್ತೆ ಡಾಲ್ಮೇಶಿಯನ್‌ಗಳೊಡನೆಯೇ ಕೂಡಿಸುತ್ತ ಹೋದರು. ರೂಪ ಉಳಿಯಿತು, ದೋಷ ಹೋಯಿತು. ಆದರೂ ಅಮೇರಿಕದ ಕೆನಲ್ ಕ್ಲಬ್ ಈ ಸಂತತಿಗೆ ತನ್ನ ದಾಖಲೆಯಲ್ಲಿ ಕಾಯಂ ಸ್ಥಾನ ಕೊಟ್ಟದ್ದು 2011ರಲ್ಲಿ. ಶುದ್ಧಿಯ ಹಟಕ್ಕೆ ಸುಮಾರು ನಾಲ್ವತ್ತು ವರ್ಷಗಳು ಸಂದವು.

ನಮ್ಮ ನಾಯಿ ಆ ಸ್ಥಿತಿಗೆ ಹೋಗುವ ಮೊದಲೇ ನಾವು ಎಚ್ಚರವಾಗಬೇಕು. ಹಾಗೆಂದು ಪರದೇಶದ ಗ್ರೇಹೌಂಡನ್ನು ತಂದು ಬೆರೆಸಿರೆಂದು ನಾವು ಹೇಳುವುದಿಲ್ಲ. ನಮಗೆ ಬೇಕಾದುದು ನಮ್ಮದೇ ತಳಿಯ ದೂರದ ರಕ್ತ. ಜತ್ತದ ಹೆಣ್ಣಿಗೆ ಮುಧೋಳದ ಗಂಡು, ಮುಧೋಳದ ಹೆಣ್ಣಿಗೆ ಜತ್ತದ ಗಂಡು ಏಕಾಗಬಾರದು? ರಾಜ್ಯಗಳ ಗಡಿ ನಕ್ಷೆಯ ಮೇಲಿದೆ, ನಾಯಿಯ ರಕ್ತದಲ್ಲಿಲ್ಲ. ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವಿದೆ. ಸಾಕುವವರು ಅಲ್ಲಿ ಸಲಹೆ ಕೇಳಬಹುದು.

ಇಂದು ರಕ್ತದ ಇಲ್ಲವೆ ಜೊಲ್ಲಿನ ಮಾದರಿಯಿಂದ ಡಿ.ಎನ್.ಎ. ಪರೀಕ್ಷೆಯೂ ಆಗುತ್ತದೆ. ಆದರೆ ಒಂದು ಪರೀಕ್ಷೆ ತಾನು ಹುಡುಕುವ ಒಂದು ದೋಷವನ್ನಷ್ಟೇ ಹೇಳೀತು, ನಾಯಿ ಸರ್ವಾಂಗ ಸುಖಿ ಎಂದು ಹೇಳದು. ದೋಷವನ್ನು ಅಡಗಿಸಿಕೊಂಡ ಉತ್ತಮ ನಾಯಿ ಸಿಕ್ಕಿದರೆ ಅದನ್ನು ತಳಿಯಿಂದ ತೆಗೆದುಹಾಕುವ ಆತುರವೂ ಬೇಡ. ಆ ದೋಷವಿಲ್ಲದ ಜೋಡಿಯೊಡನೆ ಕೂಡಿಸಿದರೆ ಮರಿಗಳಿಗೆ ಆ ರೋಗ ಬರುವುದಿಲ್ಲ. ಮುಂದಿನ ಸೂಲಿಗೆ ನಿರ್ದೋಷಿ ಮರಿಗಳನ್ನು ಆರಿಸಿಕೊಳ್ಳಬಹುದು.

ಎಲ್ಲಕ್ಕಿಂತ ಅಗ್ಗದ ಉಪಾಯ ಒಂದು ವಹಿ. ತಂದೆ, ತಾಯಿ, ಅಜ್ಜ, ಅಜ್ಜಿಯರ ಹೆಸರು, ಹುಟ್ಟಿದ ದಿನ, ಸತ್ತ ಮರಿಗಳೆಷ್ಟು, ಕುಂಟು ಕುರುಡು ಹುಟ್ಟಿದವೆಷ್ಟು, ದೊಡ್ಡವು ಯಾವ ವಯಸ್ಸಿಗೆ ಏನಾಗಿ ಸತ್ತವು ಎಂಬುದನ್ನು ಅದರಲ್ಲಿ ಬರೆಯಬೇಕು. ಕೆಟ್ಟದ್ದನ್ನು ಮುಚ್ಚಿಟ್ಟ ವಹಿಯಿಂದ ಪ್ರಯೋಜನವಿಲ್ಲ. ಹದಿನೆಂಟು ತಿಂಗಳು ತುಂಬದ ಹೆಣ್ಣನ್ನು ಕೂಡಿಸಬಾರದೆಂದು 2017ರ ಕೇಂದ್ರ ನಿಯಮಗಳೂ ಹೇಳುತ್ತವೆ. ಅದನ್ನು ಪಾಲಿಸತಕ್ಕದ್ದು.

ಹಿಂಡಿನ ಟಗರನ್ನು ಕಾಲಕಾಲಕ್ಕೆ ಬದಲಿಸಬೇಕೆಂಬುದನ್ನು ಬಲ್ಲ ಕುರುಬನಿಗೆ ಈ ಮಾತು ಕಠಿಣವಲ್ಲ. ಮರಿ ಕೊಳ್ಳುವವರು ಬಣ್ಣವನ್ನೂ ಓಟವನ್ನೂ ಕೇಳುವ ಮೊದಲು ವಹಿಯನ್ನು ಕೇಳಲಿ. ಮಾರುವವರು ತಾವಾಗಿಯೇ ಬರೆಯತೊಡಗುವರು.