ಚೆಂಡು ದಾಟಿಸಿದವನು

ಮದ್ದೂರು, ಮಳವಳ್ಳಿಗಳಿಂದ ಮಂಡ್ಯದ ಕಾಲೇಜಿಗೆ ಬರುವ ಹುಡುಗನಿಗೆ ಬ್ಯಾಸ್ಕೆಟ್‌ಬಾಲ್ ಬರಿಯ ಎತ್ತರದವರ ಆಟವೆಂದು ತೋರುವುದು ಸಹಜ. ಅಂಥವನು ಅಮೆರಿಕದ ಬಾಬಿ ಹರ್ಲಿಯ ವೃತ್ತಾಂತವನ್ನು ಕೇಳಬೇಕು. ಆತ ಆರಡಿಯ ಪಾಯಿಂಟ್ ಗಾರ್ಡ್. (ನಮ್ಮಲ್ಲಿ ಅದು ಎತ್ತರವೇ, ಆ ಅಂಗಳದಲ್ಲಿ ಕುಳ್ಳು.) ಚೆಂಡನ್ನು ತಂದು, ಎದುರಾಳಿಗಳ ನಡುವೆ ಸಂದು ನೋಡಿ, ಗೆಳೆಯನ ಕೈಗೆ ದಾಟಿಸುವುದು ಅವನ ಕೆಲಸ, ಚಪ್ಪಾಳೆಯೆಲ್ಲ ಬುಟ್ಟಿಗೆ ಹಾಕಿದವನಿಗೆ. ಆದರೂ ಹಾಗೆ ಅಂಕ ತಂದ ದಾಟುಗಳಿಗೆ ಲೆಕ್ಕವುಂಟು. 1989ರಿಂದ 1993ರವರೆಗೆ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅವನವು 1,076. ಅಂದಿಗೆ ಅದೇ ಕಾಲೇಜು ಆಟದ ದಾಖಲೆ. 1991, 1992ರಲ್ಲಿ ಡ್ಯೂಕ್ ರಾಷ್ಟ್ರವಿಜೇತ.

ವೃತ್ತಿಪರ ತಂಡ ಸೇರಿ ಹತ್ತೊಂಬತ್ತೇ ಪಂದ್ಯಗಳಾಗಿದ್ದವು. 1993ರ ಡಿಸೆಂಬರ್ 12ರಂದು ಆಟ ಮುಗಿಸಿ ಮನೆಗೆ ಮರಳುವಾಗ ಕಾರು ಅಪಘಾತ; ಸೀಟ್ ಬೆಲ್ಟ್ ಕಟ್ಟಿರಲಿಲ್ಲ. ಬದುಕಿ ಉಳಿದನು, 1998ರವರೆಗೆ ಆಡಿದನು. ಹಳೆಯ ಚುರುಕು ಮಾತ್ರ ಮರಳಲಿಲ್ಲ. ಆಮೇಲೆ ತರಬೇತುದಾರನಾಗಿ, 2015ರಲ್ಲಿ ಬಫಲೋ ವಿಶ್ವವಿದ್ಯಾಲಯದ ಹುಡುಗರನ್ನು ಮೊದಲ ಬಾರಿಗೆ ರಾಷ್ಟ್ರೀಯ ಪಂದ್ಯಾವಳಿಗೆ ಮುಟ್ಟಿಸಿದನು.