ಉಪ್ಪಿನ ಭರಣಿಯೂ ರಸಾಯನ ಶಾಸ್ತ್ರವೂ

ಹೆಣ್ಣುಮಕ್ಕಳು ಮೂಲದ್ರವ್ಯಗಳ ಗುಂಪುಗಳನ್ನು ಕಲಿತು ಆಗಬೇಕಾದದ್ದೇನೆಂದು ಸಂಪಗಾಂವ ಸೀಮೆಯ ಕೆಲವು ತಾಯಿತಂದೆಗಳು ಕೇಳುವದುಂಟು. ಆ ಜ್ಞಾನವು ಮೊದಲು ಬೇಕಾಗಿರುವದು ಮನೆಗೇ ಎಂಬದು ನನ್ನ ಅಭಿಪ್ರಾಯವು.

1869ರಲ್ಲಿ ರಶಿಯದ ಮೆಂಡಲೀವನು ಗುಣಸಾಮ್ಯವನ್ನು ನೋಡಿ ಮೂಲದ್ರವ್ಯಗಳನ್ನು ಮನೆತನಗಳಂತೆ ವಿಂಗಡಿಸಿದನು. ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಇವು ಒಂದೇ ಮನೆತನದವು. ಲೋಹಗಳೊಡನೆ ಕೂಡಿ ಲವಣಗಳನ್ನು ಹುಟ್ಟಿಸುವದರಿಂದ ಇವುಗಳಿಗೆ ಲವಣಜನಕಗಳೆಂದು ಹೆಸರು.

ಊಟದ ಉಪ್ಪು ಸೋಡಿಯಂ, ಕ್ಲೋರಿನ್‌ಗಳ ಸಂಯೋಗವು. ಅದರಲ್ಲಿ ಬೆರಸಿದ ತುಸು ಅಯೋಡಿನ್ ಗಳಗಂಡವನ್ನು ತಡೆಯುತ್ತದೆ. ತೇವ ತಾಗಿದರೆ ಅದು ಕಡಿಮೆಯಾಗುವದರಿಂದ ಭರಣಿಯನ್ನು ಮುಚ್ಚಿಡಬೇಕು. ಬಾವಿಗೆ ಹಾಕುವ ಬ್ಲೀಚಿಂಗ್ ಪುಡಿಯ ಕ್ಲೋರಿನ್ ರೋಗಾಣುಗಳನ್ನು ಕೊಲ್ಲುತ್ತದೆ. ಅದೇ ಪುಡಿಯು ಪಾಯಖಾನೆ ತೊಳೆಯುವ ಆಸಿಡ್ಡಿನೊಡನೆ ಕೂಡಿದರೆ ವಿಷವಾಯುವೇಳುವದು. ಫ್ಲೋರೈಡ್ ಮಿತವಾಗಿದ್ದರೆ ಹಲ್ಲಿಗೆ ಹಿತವು; ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ಯೋಗ್ಯವಲ್ಲ. ಅಂಥ ನೀರನ್ನು ಬಾಲ್ಯದಿಂದ ಕುಡಿದವರ ಹಲ್ಲು ಕಲೆಗಟ್ಟುತ್ತವೆ, ಬಹಳ ಹೆಚ್ಚಾದರೆ ಎಲುಬುಗಳೂ ಕೆಡುತ್ತವೆ. ನೆರೆಯ ಗದಗ ಜಿಲ್ಲೆಯ ಮುಂಡರಗಿ ಸೀಮೆಯು ಈ ಬಾಧೆಯನ್ನು ಕಂಡಿದೆ. ಕುದಿಸಿದರೆ ಈ ದೋಷವು ಹೋಗದು. ನೀರು ಆವಿಯಾದಷ್ಟೂ ಫ್ಲೋರೈಡ್ ದಟ್ಟವಾಗುವದು.

ಆದದ್ದರಿಂದ ಪಟ್ಟಿಯ ಕಂಠಪಾಠವೇ ವಿದ್ಯೆಯಲ್ಲ. ಮನೆತನದ ಗುಣವನ್ನೂ ಪ್ರಮಾಣದ ಮಿತಿಯನ್ನೂ ಅರಿತ ಹುಡುಗಿಯು ಮನೆಯವರ ಜೀವವನ್ನು ಕಾಯಬಲ್ಲಳು. ತಾಯಿತಂದೆಗಳೇ, ಮಗಳಿಗೆ ಈ ವಿದ್ಯೆಯನ್ನು ತಪ್ಪಿಸಬೇಡಿರಿ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಊರಿನ ಕೊಳವೆಬಾವಿಯ ನೀರನ್ನು ಪರೀಕ್ಷೆ ಮಾಡಿಸಿರಿ.