ಶಿಬಿರ ಎರಡು ದಿನ, ಮನೆ ಏಳು ದಿನ!

ವೀಸಾ ಕನಸು ಕಾಣುತ್ತಿರುವ ಕನ್ನಡದ ತರುಣ ತರುಣಿಯರೇ, ಸ್ವಲ್ಪ ಇಲ್ಲಿ ಕೇಳಿ!

1903ರ ಜನವರಿಯಲ್ಲಿ ಕೊರಿಯಾದ ಕೂಲಿಗಳ ಮೊದಲ ಹಡಗು ಹವಾಯಿಗೆ ಬಂತು. ಕಬ್ಬಿನ ತೋಟದಲ್ಲಿ ಬೆವರು ಸುರಿಸಿದ ಬಡವರು ಅವರು. ಅದೇ ವರ್ಷ ಹೊನೊಲುಲುವಿನಲ್ಲಿ ತಮ್ಮದೇ ಚರ್ಚು ಶುರುಮಾಡಿದರು. 1910ರಲ್ಲಿ ಜಪಾನ್ ಅವರ ನಾಡನ್ನೇ ನುಂಗಿತು. ಆಗ ಚರ್ಚೇ ಅವರಿಗೆ ನಾಡು, ಚರ್ಚೇ ನುಡಿಯ ಕೋಟೆ!

ಇಂದಿಗೂ ಅಮೆರಿಕದ ಕೊರಿಯನ್ನರು ಶುಕ್ರವಾರ ಕೆಲಸ ಮುಗಿಸಿ, ಮಕ್ಕಳುಮರಿ ಕಟ್ಟಿಕೊಂಡು ಚರ್ಚಿನ ಶಿಬಿರಕ್ಕೆ ಹೊರಡುತ್ತಾರೆ. ಭಾನುವಾರದವರೆಗೆ ಹಿರಿಯರ ಪ್ರಾರ್ಥನೆ ಕೊರಿಯನ್, ಹರಟೆ ಕೊರಿಯನ್, ತಟ್ಟೆಯಲ್ಲಿ ಕಿಮ್ಚಿ. ಎಷ್ಟೋ ಚರ್ಚುಗಳಲ್ಲಿ ವಾರವಾರವೂ ಹಂಗುಲ್ ಅಕ್ಷರ ಕಲಿಸುವ ಶಾಲೆ ಬೇರೆ.

ಆದರೂ ಆ ಕೋಟೆ ಬಿರುಕು ಬಿಟ್ಟಿದೆ! ಅಲ್ಲೇ ಹುಟ್ಟಿದ ಮಕ್ಕಳಿಗೆಂದು ಬಹಳಷ್ಟು ಚರ್ಚುಗಳು ಇಂಗ್ಲಿಷ್ ಆರಾಧನೆಯನ್ನೇ ಬೇರೆಯಾಗಿ ನಡೆಸುತ್ತಿವೆ. ಅಪ್ಪ ಒಂದು ಕೋಣೆಯಲ್ಲಿ, ಮಗ ಇನ್ನೊಂದರಲ್ಲಿ. ದೇವರು ಒಬ್ಬನೇ, ಭಾಷೆ ಎರಡು!

ವಾರವಾರ ಸೇರುವವರ ಪಾಡೇ ಇದಾದರೆ, ರಾಜ್ಯೋತ್ಸವಕ್ಕೊಮ್ಮೆ ಪೇಟ ಸುತ್ತಿ, ಬಿಸಿಬೇಳೆಬಾತ್ ತಿಂದು ಎದ್ದುಹೋಗುವ ನಮ್ಮ ಪಾಡೇನು? 2000ದಲ್ಲಿ ಹ್ಯೂಸ್ಟನ್‌ನಲ್ಲಿ ಅಕ್ಕ ಸಮ್ಮೇಳನ ಶುರುವಾಯಿತು, ಸಂತೋಷ. ಕೆಲವು ಕನ್ನಡ ಕೂಟಗಳು ಮಕ್ಕಳಿಗೆ ಕನ್ನಡ ಕಲಿಸುತ್ತಿವೆ, ಅವರಿಗೆ ಶರಣು. ಆದರೆ ಜಾತ್ರೆಯಿಂದ ನುಡಿ ಉಳಿಯದು. ಅದಕ್ಕೆ ವಾರದ ಸಂತೆ ಬೇಕು, ದಿನದ ಒಲೆ ಬೇಕು!

ನಿಮ್ಮ ದೇವರು ಏಸುವೋ, ಅಲ್ಲಾನೋ, ಮಾದಪ್ಪನೋ, ಯಾರಾದರೂ ಇರಲಿ. ಯಾವ ದೇಶಕ್ಕಾದರೂ ಹೋಗಿ, ದುಡಿಯಿರಿ, ಗೆಲ್ಲಿ. ಆದರೆ ಮಗು ಇಂಗ್ಲಿಷಿನಲ್ಲಿ ಕೇಳಿದರೂ ಕನ್ನಡದಲ್ಲೇ ಉತ್ತರ ಕೊಡಿ. ವಿಮಾನ ಹತ್ತುವ ಮುನ್ನವೇ ಈ ಪಣ ತೊಡಿ!